ಕೋಲ್ಕ್ಯಾನನ್ ಅನ್ನು ಒಂದೇ ತುತ್ತಿನ ತಿಂಡಿಯಾಗಿ ಮಾಡುವುದು ಹೇಗೆ? ಬೆಣ್ಣೆಯ ಗುಳಿ ಮಾತ್ರ ಉಳಿಯಬೇಕು

ಲಿಫಿ ದಂಡೆ
ಡಬ್ಲಿನ್‌ನ ನಮ್ಮ ಮನೆಯಲ್ಲಿ ಅಕ್ಟೋಬರ್ 31ರ ಸಂಜೆ ಸುಮಾರು 30 ಮಂದಿ ಸೇರುತ್ತೇವೆ. ಇಲ್ಲಿಯವರಿಗೆ ಅಂದು ಹ್ಯಾಲೋವೀನ್, ನಮಗೆ ರಾಜ್ಯೋತ್ಸವದ ಮುನ್ನಾದಿನ. ಅರ್ಧ ಮಂದಿ ಕಚೇರಿಯ ಐರಿಷ್ ಗೆಳೆಯರು, ಉಳಿದವರು ಕನ್ನಡದ ಮನೆಗಳವರು. ಅಷ್ಟು ಜನಕ್ಕೆ ಕುರ್ಚಿಗಳಿಲ್ಲ. ತಟ್ಟೆ, ಚಮಚ ಬೇಡದ, ನಿಂತುಕೊಂಡೇ ಬಾಯಿಗೆ ಹಾಕಿಕೊಳ್ಳಬಹುದಾದ ತಿಂಡಿ ಬೇಕು.

ಹ್ಯಾಲೋವೀನ್ ರಾತ್ರಿಗೆ ಇಲ್ಲಿನ ಹಳೆಯ ಊಟವೆಂದರೆ ಕೋಲ್ಕ್ಯಾನನ್. ತಿನ್ನದವರಿಗಾಗಿ ಹೇಳುತ್ತೇನೆ: ಬೇಯಿಸಿ ಹಿಸುಕಿದ ಆಲೂಗಡ್ಡೆಗೆ ಬೆಂದ ಕೇಲ್ ಸೊಪ್ಪು ಅಥವಾ ಎಲೆಕೋಸು, ಈರುಳ್ಳಿ ಸೊಪ್ಪು ಹಾಕಿ ಕಾಯಿಸಿದ ಹಾಲು, ಉಪ್ಪು, ಕಾಳುಮೆಣಸಿನ ಪುಡಿ ಸೇರಿಸಿ ಕಲಸುತ್ತಾರೆ. ಬಟ್ಟಲಿಗೆ ಗುಡ್ಡೆಯಾಗಿ ಹಾಕಿ, ನಡುವೆ ಗುಳಿ ತೋಡಿ ಅದರಲ್ಲಿ ಬೆಣ್ಣೆಯ ದಪ್ಪ ತುಂಡು ಇಡುತ್ತಾರೆ. ಬೆಣ್ಣೆ ಕರಗಿ ನಿಲ್ಲುತ್ತದೆ. ಅಂಚಿನಿಂದ ಒಂದೊಂದೇ ಚಮಚ ತೆಗೆದು ಆ ಬೆಣ್ಣೆಯಲ್ಲಿ ಅದ್ದಿ ತಿನ್ನಬೇಕು.

ಉಂಡೆ ಕಟ್ಟಿ, ಬ್ರೆಡ್ ಪುಡಿ ಹಚ್ಚಿ ಕರಿದುಬಿಡಿ ಎಂದು ಎಲ್ಲರೂ ಸಲಹೆ ಕೊಡುತ್ತಾರೆ. ಆಗ ಗುಳಿಯೂ ಇಲ್ಲ, ಬೆಣ್ಣೆಯೂ ಇಲ್ಲ. ಅದನ್ನು ಕೋಲ್ಕ್ಯಾನನ್ ಎಂದು ಐರಿಷ್ ಗೆಳೆಯರ ಮುಂದೆ ಇಡಲು ನನಗೆ ಮನಸ್ಸಾಗುವುದಿಲ್ಲ. ಬೆಣ್ಣೆ ಉಳಿಸಿಕೊಂಡು ಇದನ್ನು ಚಿಕ್ಕದಾಗಿ ಮಾಡಿದವರು ಯಾರಾದರೂ ಇದ್ದೀರಾ? ಬರುವವರಲ್ಲಿ ಮೊಟ್ಟೆ ತಿನ್ನದವರೂ ಬಹಳ ಮಂದಿ ಇದ್ದಾರೆ, ಅದನ್ನೂ ಗಮನದಲ್ಲಿಟ್ಟು ಹೇಳಿ.

ಬಾಣಲೆ
ಇಷ್ಟು ಕಷ್ಟ ಏಕೆ? ಶೆಫರ್ಡ್ಸ್ ಪೈ ಮಾಡಿ. ಮಫಿನ್ ಅಚ್ಚಿನಲ್ಲಿ ಒಂದೊಂದು ಹಾಳೆ ಹಿಟ್ಟು, ಒಳಗೆ ಖೀಮಾ, ಮೇಲೆ ಆಲೂಗಡ್ಡೆ, ಓವನ್‌ಗೆ ಇಟ್ಟರೆ ಮುಗಿಯಿತು. ಅದೂ ಐರಿಷ್ ಊಟವೇ.

ಕಾರ್ಕ್ ಕನ್ನಡತಿ
ಐರಿಷ್ ಮನೆಗಳಲ್ಲಿ ವಾರವಾರವೂ ಮಾಡುತ್ತಾರೆ, ನಿಜ. ಆದರೆ ಹುಟ್ಟಿದ್ದು ಇಲ್ಲಿ ಎನ್ನಬೇಡಿ. ಕಾಟೇಜ್ ಪೈ ಎಂಬ ಹೆಸರು 18ನೆಯ ಶತಮಾನದ ಕೊನೆಯಲ್ಲೇ ಬ್ರಿಟನ್ನಿನ ಬರವಣಿಗೆಯಲ್ಲಿದೆ, ಶೆಫರ್ಡ್ಸ್ ಪೈ ಎಂಬ ಹೆಸರು ಬಂದದ್ದು 19ನೆಯ ಶತಮಾನದಲ್ಲಿ. ಈಗ ಕುರಿ ಮಾಂಸ ಹಾಕಿದರೆ ಶೆಫರ್ಡ್ಸ್, ದನದ ಮಾಂಸ ಹಾಕಿದರೆ ಕಾಟೇಜ್ ಎನ್ನುತ್ತಾರೆ. ಹ್ಯಾಲೋವೀನ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಅವರು ಕೇಳಿದ್ದು ಕೋಲ್ಕ್ಯಾನನ್ ಬಗ್ಗೆ.

ಬಾಣಲೆ
ಅಕ್ಕ, ಒಪ್ಪಿದೆ. ಆದರೂ ಒಂದೇ ಬಗೆಯ ತಿಂಡಿಯಿಂದ 30 ಜನರ ಹೊಟ್ಟೆ ತುಂಬುವುದಿಲ್ಲ. ಎರಡನೆಯದಾಗಿ ಇದಿರಲಿ. ಸಸ್ಯಾಹಾರಿಗಳಿಗೆ ಖೀಮಾ ಬದಲು ಇಡಿ ಮಸೂರ ಕಾಳು, ಕ್ಯಾರೆಟ್, ಅಣಬೆ ಹಾಕಿ, ಸ್ವಲ್ಪ ವುಸ್ಟರ್ ಸಾಸ್ ಬಿಟ್ಟರೆ ಮಾಂಸದ ರುಚಿಯೇ ಬರುತ್ತದೆ.

ಪಾಕಶಾಲೆ
ನಿಲ್ಲಿ! ವುಸ್ಟರ್ ಸಾಸ್‌ನ ಮೂಲ ತಯಾರಿಕೆಯಲ್ಲಿ ಆಂಚೊವಿ ಎಂಬ ಮೀನು ಇದೆ. ಸಸ್ಯಾಹಾರಿಗಳ ತಟ್ಟೆಗೆ ಅದು ಸಲ್ಲದು. ಮೀನಿಲ್ಲದ ಬಗೆಯೂ ಅಂಗಡಿಗಳಲ್ಲಿ ಸಿಗುತ್ತದೆ, ಚೀಟಿ ಓದಿ ಕೊಳ್ಳಿ. ಇಲ್ಲವೇ ಸೋಯಾ ಸಾಸ್‌ಗೆ ಒಂದು ಚೂರು ಹುಣಸೆ ರಸ ಸೇರಿಸಿ, ಸಾಕು. ಹುಣಸೆ ಆ ಸಾಸ್‌ನಲ್ಲೂ ಇರುವ ಪದಾರ್ಥವೇ.

ಲಿಫಿ ದಂಡೆಯವರೇ, ನಾನು ಲಿಮೆರಿಕ್‌ನ ಹೋಟೆಲೊಂದರಲ್ಲಿ ಅಡುಗೆಯವನು. ನಿಮ್ಮ ಪ್ರಶ್ನೆಗೆ ಇಂದು ರಾತ್ರಿ ಕೆಲಸ ಮುಗಿದ ಮೇಲೆ ವಿವರವಾಗಿ ಬರೆಯುತ್ತೇನೆ.

ಗಾಲ್ವೇ ಗಾಳಿ
ಕರಿಯುವ ಆಲೋಚನೆಯೇ ತಪ್ಪು ಎನ್ನುತ್ತೇನೆ. ಕೋಲ್ಕ್ಯಾನನ್ ಮೆತ್ತಗಿನ ಊಟ. ಚಳಿಯ ರಾತ್ರಿ, ಹೊರಗೆ ಮಳೆ, ಕೈಯಲ್ಲಿ ಬಿಸಿ ಬಟ್ಟಲು. ಗರಿಗರಿಯಾದ ಚಿಪ್ಪು ಅದಕ್ಕೆ ಒಗ್ಗುವುದಿಲ್ಲ. ಚಿಕ್ಕ ಆಲೂಗಡ್ಡೆಗಳನ್ನು ಸಿಪ್ಪೆಸಹಿತ ಸುಟ್ಟು, ಅರ್ಧ ಸೀಳಿ, ಒಳಗಿನ ತಿರುಳು ತೆಗೆದು ಕೋಲ್ಕ್ಯಾನನ್ ಮಾಡಿ, ಅದೇ ಸಿಪ್ಪೆಗೆ ತುಂಬಿ. ಮೇಲೆ ಬೆರಳಿನಿಂದ ಒತ್ತಿ ಗುಳಿ ಮಾಡಿ ಬೆಣ್ಣೆ ಇಡಿ. ಗುಳಿಯೂ ಉಳಿಯಿತು, ಎಣ್ಣೆಯೂ ಬೇಡ.

ಲಿಫಿ ದಂಡೆ
ಇದು ಚೆನ್ನಾಗಿದೆ. ಆದರೆ ಕೈಯಲ್ಲಿ ಹಿಡಿದು ವಾಲಿಸಿದರೆ ಕರಗಿದ ಬೆಣ್ಣೆ ತೋಳಿನೊಳಕ್ಕೆ ಇಳಿಯುವುದಿಲ್ಲವೇ? ರೇಷ್ಮೆ ಸೀರೆ ಉಟ್ಟು ಬರುವವರಿದ್ದಾರೆ.

ಕಾರ್ಕ್ ಕನ್ನಡತಿ
ಇಳಿಯುತ್ತದೆ. ಖಂಡಿತ ಇಳಿಯುತ್ತದೆ.

ಪಾಕಶಾಲೆ
ಈಗ ಬಿಡುವಾಯಿತು. ಬೆಣ್ಣೆಯನ್ನು ಮೇಲೆ ಇಡಬೇಡಿ, ಒಳಗೆ ಇಡಿ. ಗುಳಿಯನ್ನೇ ಮುಚ್ಚಿಬಿಡುವುದು ಉಪಾಯ.

ಹಿಂದಿನ ದಿನ 150 ಗ್ರಾಂ ಬೆಣ್ಣೆಯನ್ನು ಮೆತ್ತಗೆ ಮಾಡಿ, ಸಣ್ಣಗೆ ಹೆಚ್ಚಿದ ಈರುಳ್ಳಿ ಸೊಪ್ಪು, ಕಾಳುಮೆಣಸಿನ ಪುಡಿ ಕಲಸಿ. ಕಾಗದದ ಮೇಲೆ ತೆಳುವಾಗಿ ಹರಡಿ ಫ್ರೀಜರ್‌ನಲ್ಲಿಡಿ. ಗಟ್ಟಿಯಾದ ಮೇಲೆ ಚಾಕುವಿನಿಂದ ಕಡಲೆಕಾಳಿಗಿಂತ ತುಸು ದೊಡ್ಡ ಚೌಕಗಳನ್ನು ಕತ್ತರಿಸಿ ಮತ್ತೆ ಫ್ರೀಜರ್‌ಗೆ ಸೇರಿಸಿ. ಐರಿಷ್ ಬೆಣ್ಣೆಗೆ ಸಾಮಾನ್ಯವಾಗಿ ಉಪ್ಪು ಹಾಕಿರುತ್ತಾರೆ, ಆದ್ದರಿಂದ ಆಲೂಗಡ್ಡೆಗೆ ಉಪ್ಪು ಕಡಿಮೆ ಮಾಡಿ.

ಆಲೂಗಡ್ಡೆ 1 ಕಿಲೋ. ಸಿಪ್ಪೆಯೊಡನೆಯೇ ಬೇಯಿಸಿ. ಸುಲಿದು ಬೇಯಿಸಿದರೆ ನೀರು ಕುಡಿಯುತ್ತದೆ, ಆ ನೀರೇ ನಿಮ್ಮ ಶತ್ರು. ಬೆಂದ ಮೇಲೆ ನೀರು ಬಸಿದು, ಅದೇ ಪಾತ್ರೆಯ ಮೇಲೆ ಒಣ ಬಟ್ಟೆ ಹೊದಿಸಿ ಐದು ನಿಮಿಷ ಬಿಡಿ. ಹಬೆಯೆಲ್ಲ ಬಟ್ಟೆಗೆ ಹೋಗುತ್ತದೆ. ಬಿಸಿಯಿರುವಾಗಲೇ ಸುಲಿದು ಹಿಸುಕಿ. ಮಿಕ್ಸಿಗೆ ಮಾತ್ರ ಹಾಕಲೇಬೇಡಿ. ಅಲಗಿನ ಹೊಡೆತಕ್ಕೆ ಪಿಷ್ಟದ ಕೋಶಗಳು ಒಡೆದು ಅಂಟಿನ ಮುದ್ದೆಯಾಗುತ್ತದೆ, ಆಮೇಲೆ ಅದನ್ನು ಯಾರೂ ಸರಿಮಾಡಲಾರರು.

ಕೇಲ್ 200 ಗ್ರಾಂ. ನಡುವಿನ ದಂಟು ತೆಗೆದು ಉಪ್ಪುನೀರಿನಲ್ಲಿ ಬೇಯಿಸಿ, ತಣ್ಣೀರಿಗೆ ಹಾಕಿ, ಬಟ್ಟೆಯಲ್ಲಿ ಕಟ್ಟಿ ಕೈಸೋಲುವವರೆಗೆ ಹಿಂಡಿ. ಆಮೇಲೆ ನುಣ್ಣಗೆ ಹೆಚ್ಚಿ. ಸೊಪ್ಪಿನಲ್ಲಿ ಉಳಿದ ನೀರು ಎಣ್ಣೆಯಲ್ಲಿ ಹಬೆಯಾಗಿ ಉಂಡೆಯನ್ನು ಒಳಗಿನಿಂದ ಸೀಳುತ್ತದೆ. ಕರಿಯುವಾಗ ಉಂಡೆ ಒಡೆಯಲು ಮುಖ್ಯ ಕಾರಣ ಇದು.

ಹಾಲು ಬೇಡ. ಹಾಲಿನ ಬದಲು ಎರಡು ಚಮಚ ಕರಗಿದ ಬೆಣ್ಣೆ ಸಾಕು. ಎಲ್ಲ ಕಲಸಿ ಫ್ರಿಜ್‌ನಲ್ಲಿ ರಾತ್ರಿಯಿಡೀ ಇಡಿ. ತಣ್ಣಗಾದಾಗ ಪಿಷ್ಟ ಬಿಗಿಯುತ್ತದೆ, ಉಂಡೆ ಕೈಗೆ ಅಂಟುವುದಿಲ್ಲ. ಮರುದಿನ 25 ಗ್ರಾಂನಷ್ಟು ಹಿಟ್ಟು ಅಂಗೈಯಲ್ಲಿ ತಟ್ಟಿ, ನಡುವೆ ಒಂದು ಬೆಣ್ಣೆ ಚೌಕವಿಟ್ಟು ಕಡುಬಿನ ಹಾಗೆ ಮುಚ್ಚಿ ಉರುಟು ಮಾಡಿ. ಅರ್ಧ ಗಂಟೆ ಫ್ರೀಜರ್‌ನಲ್ಲಿಡಿ. ಮೈದಾ, ಮೊಟ್ಟೆ, ಬ್ರೆಡ್ ಪುಡಿ. ಮತ್ತೊಮ್ಮೆ ಮೊಟ್ಟೆ, ಬ್ರೆಡ್ ಪುಡಿ. ಎರಡು ಪದರ ಇದ್ದರೆ ಬೆಣ್ಣೆ ಹೊರಗೆ ಬರುವುದಿಲ್ಲ. 180 ಡಿಗ್ರಿ ಸೆಲ್ಸಿಯಸ್ ಎಣ್ಣೆಯಲ್ಲಿ ಸುಮಾರು ಮೂರು ನಿಮಿಷ. ಒಂದು ಬಾರಿಗೆ ಐದಾರು ಮಾತ್ರ ಹಾಕಿ, ಜಾಸ್ತಿ ಹಾಕಿದರೆ ಎಣ್ಣೆ ತಣ್ಣಗಾಗಿ ಉಂಡೆ ಎಣ್ಣೆ ಕುಡಿಯುತ್ತದೆ.

25 ಗ್ರಾಂ ಎಂದದ್ದಕ್ಕೆ ಕಾರಣವಿದೆ. ಇದನ್ನು ಕಚ್ಚಿ ತಿನ್ನಬಾರದು, ಇಡಿಯಾಗಿ ಬಾಯಿಗೆ ಹಾಕಿಕೊಳ್ಳಬೇಕು. ಬೆಣ್ಣೆ ಬಾಯೊಳಗೇ ಒಡೆಯುತ್ತದೆ, ಸೀರೆಗೆ ಅಪಾಯವಿಲ್ಲ.

ಲಿಫಿ ದಂಡೆ
ಪಾಕಶಾಲೆಯವರೇ, ನಿಮಗೆ ಕೈಮುಗಿದೆ. ನಾನು ಹುಡುಕುತ್ತಿದ್ದದ್ದು ಇದನ್ನೇ.

ಗಾಲ್ವೇ ಗಾಳಿ
ಕಾದ ಬೆಣ್ಣೆ ಬಾಯೊಳಗೆ ಒಡೆದರೆ ನಾಲಿಗೆ ಸುಟ್ಟುಹೋಗುತ್ತದೆ. ಮಕ್ಕಳೂ ಇರುತ್ತಾರಲ್ಲ.

ಪಾಕಶಾಲೆ
ಒಳ್ಳೆಯ ಮಾತು. ಎಣ್ಣೆಯಿಂದ ತೆಗೆದು ತಂತಿಯ ಜಾಲರಿಯ ಮೇಲೆ ಐದು ನಿಮಿಷ ಬಿಟ್ಟ ನಂತರವೇ ಹೊರಗೆ ಕಳುಹಿಸಿ. ಚಿಕ್ಕ ಮಕ್ಕಳಿಗೆ ಬೆಣ್ಣೆಯಿಲ್ಲದವನ್ನು ಚಪ್ಪಟೆಯಾಗಿ ತಟ್ಟಿ ಬೇರೆ ಮಾಡಿ, ಆಕಾರ ನೋಡಿಯೇ ಗುರುತು ಸಿಗುತ್ತದೆ.

ಶಾವಿಗೆ ಒತ್ತು
ಹಿಸುಕಲು ಇಲ್ಲಿನ ಅಂಗಡಿಯ ಉಪಕರಣ ಕೊಳ್ಳಬೇಕಿಲ್ಲ. ಊರಿನಿಂದ ತಂದ ಶಾವಿಗೆ ಒತ್ತು ಇದ್ದರೆ ಬೆಂದ ಆಲೂಗಡ್ಡೆಯನ್ನು ಬಿಸಿಯಾಗಿ ಅದರಲ್ಲೇ ಒತ್ತಿ. ಒಂದು ಗಂಟೂ ಉಳಿಯುವುದಿಲ್ಲ, ಅಂಟೂ ಬರುವುದಿಲ್ಲ. ನಮ್ಮ ಮನೆಯಲ್ಲಿ ಬರುಬರುತ್ತಾ ಶಾವಿಗೆಗಿಂತ ಇದಕ್ಕೇ ಅದು ಹೆಚ್ಚು ಬಳಕೆಯಾಗುತ್ತಿದೆ.

ತುಳಸಿಕಟ್ಟೆ
ಮೊಟ್ಟೆಯಿಲ್ಲದ್ದಕ್ಕೆ: ಎರಡು ಪಾಲು ಮೈದಾ, ಒಂದು ಪಾಲು ಕಾರ್ನ್‌ಫ್ಲೋರ್, ಚಿಟಿಕೆ ಉಪ್ಪು, ಬಜ್ಜಿ ಹಿಟ್ಟಿಗಿಂತ ತುಸು ತೆಳ್ಳಗೆ ತಣ್ಣೀರಿನಲ್ಲಿ ಕಲಸಿ. ಅದರಲ್ಲಿ ಅದ್ದಿ ಬ್ರೆಡ್ ಪುಡಿ, ಮತ್ತೆ ಅದ್ದಿ ಬ್ರೆಡ್ ಪುಡಿ. ಎರಡು ಪದರದ ನಿಯಮ ಇಲ್ಲಿಗೂ ಅನ್ವಯ. ಎಲ್ಲರಿಗೂ ಇದನ್ನೇ ಮಾಡಿದರೆ ಎರಡು ಬಾಣಲೆಯ ತಾಪತ್ರಯ ತಪ್ಪುತ್ತದೆ. ಕಡಲೆ ಹಿಟ್ಟು ಹಾಕಬೇಡಿ, ಅದರ ರುಚಿ ಮುಂದೆ ಬಂದು ಕೇಲ್ ಹಿಂದೆ ಸರಿಯುತ್ತದೆ.

ಒಗ್ಗರಣೆ
ಸ್ವಲ್ಪ ಹಸಿಮೆಣಸಿನಕಾಯಿ, ಶುಂಠಿ, ಕೊತ್ತಂಬರಿ ಸೊಪ್ಪು ಸೇರಿಸಿ. ನಮ್ಮವರಿಗೆ ಸಪ್ಪೆ ಎನಿಸುತ್ತದೆ.

ಕಾರ್ಕ್ ಕನ್ನಡತಿ
ದಯವಿಟ್ಟು ಬೇಡ. ಬೋಂಡ ಬೇಕಿದ್ದರೆ ಬೋಂಡವನ್ನೇ ಮಾಡೋಣ, ಅದಕ್ಕೆ ಅದರದೇ ಮರ್ಯಾದೆ ಇದೆ. ಕೋಲ್ಕ್ಯಾನನ್‌ನಲ್ಲಿ ಒಳ್ಳೆಯ ಬೆಣ್ಣೆ, ಕೇಲ್‌ನ ಕಿರುಕಹಿ, ಈರುಳ್ಳಿ ಸೊಪ್ಪಿನ ಘಾಟು, ಈ ಮೂರೇ ರುಚಿ. ಅದರ ಮೇಲೆ ಶುಂಠಿ ಹಾಕಿದರೆ ಮೂರೂ ಸತ್ತುಹೋಗುತ್ತವೆ. ಖಾರ ಬೇಕಾದವರಿಗೆ ಚಟ್ನಿ ಪಕ್ಕದಲ್ಲಿಡಿ.

ಒಗ್ಗರಣೆ
ಪಕ್ಕದಲ್ಲಿ ಚಟ್ನಿ ಎಂದರೆ ಒಪ್ಪುತ್ತೇನೆ. ಆದರೆ ಅಡುಗೆ ಎಂದೂ ಬದಲಾಗಬಾರದು ಎಂಬ ಧಾಟಿ ಒಪ್ಪುವುದಿಲ್ಲ ಅಕ್ಕ. ಆಲೂಗಡ್ಡೆಯೇ ಐರ್ಲೆಂಡಿಗೂ ಹೊರಗಿನಿಂದ ಬಂದದ್ದು, ನಮಗೂ ಹೊರಗಿನಿಂದ ಬಂದದ್ದು. ದಕ್ಷಿಣ ಅಮೆರಿಕದ ಆಂಡಿಸ್ ಅದರ ತವರು.

ಕಾರ್ಕ್ ಕನ್ನಡತಿ
ಬದಲಾಗಲಿ, ಬೇಡವೆನ್ನಲಿಲ್ಲ. ಅವರದೇ ಹಬ್ಬದ ರಾತ್ರಿ ಅವರನ್ನೇ ಕರೆದು ಅವರದೇ ಊಟ ಎಂದು ಬಡಿಸುವಾಗ ಅದು ಅವರದಾಗಿರಲಿ ಎಂದಷ್ಟೇ ಹೇಳಿದೆ. ನಮ್ಮ ಬಿಸಿಬೇಳೆಬಾತಿಗೆ ಯಾರಾದರೂ ಚೀಸ್ ಸುರಿದು ತಂದರೆ ನಿಮಗೆ ಹೇಗನಿಸುತ್ತದೆ?

ಬೆಲ್‌ಫಾಸ್ಟ್ ಬೀದಿ
ನಮ್ಮ ಕಡೆ, ಅಂದರೆ ಉತ್ತರ ಐರ್ಲೆಂಡಿನಲ್ಲಿ, ಚಾಂಪ್ ಹೆಚ್ಚು. ಕೇಲ್ ಇಲ್ಲ, ಬರೀ ಈರುಳ್ಳಿ ಸೊಪ್ಪು, ಹಾಲು, ಬೆಣ್ಣೆ. ಅದಕ್ಕೂ ನಡುವೆ ಬೆಣ್ಣೆಯ ಗುಳಿ ಉಂಟು. ಒಂದು ತುತ್ತಿನ ತಿಂಡಿಗೆ ಚಾಂಪ್ ಸುಲಭ, ಹಿಂಡಬೇಕಾದ ಸೊಪ್ಪೇ ಇಲ್ಲವಲ್ಲ. ಆದರೆ ಹ್ಯಾಲೋವೀನ್ ಎಂದರೆ ಕೋಲ್ಕ್ಯಾನನ್‌ನದೇ ಪಟ್ಟ, ಅದನ್ನು ನಾನೂ ಬಿಟ್ಟುಕೊಡುವುದಿಲ್ಲ.

ಲೀಟ್ರಿಮ್ ಮಳೆ
ಬಾಕ್ಸ್ಟಿಯನ್ನು ಯಾರೂ ಹೇಳಲಿಲ್ಲ! ಲೀಟ್ರಿಮ್, ಕ್ಯಾವನ್, ಫರ್ಮನಾ ಕಡೆಯ ತಿಂಡಿ. ತುರಿದ ಹಸಿ ಆಲೂಗಡ್ಡೆ 250 ಗ್ರಾಂ, ಹಿಸುಕಿದ ಬೆಂದ ಆಲೂಗಡ್ಡೆ 250 ಗ್ರಾಂ, ಮೈದಾ 250 ಗ್ರಾಂ, ಅರ್ಧ ಚಮಚ ಅಡುಗೆ ಸೋಡಾ, ಉಪ್ಪು, ಹಿಡಿಸುವಷ್ಟು ಮಜ್ಜಿಗೆ. ಹಸಿ ತುರಿಯನ್ನು ಬಟ್ಟೆಯಲ್ಲಿ ಹಿಂಡಿ. ಕೆಳಗೆ ಬಿದ್ದ ನೀರನ್ನು ಸ್ವಲ್ಪ ಹೊತ್ತು ಬಿಟ್ಟರೆ ತಳದಲ್ಲಿ ಬಿಳಿಯ ಪಿಷ್ಟ ಕೂರುತ್ತದೆ. ನೀರು ಚೆಲ್ಲಿ ಆ ಪಿಷ್ಟವನ್ನು ಹಿಟ್ಟಿಗೇ ಸೇರಿಸಿ, ಕಟ್ಟು ಬರುವುದು ಅದರಿಂದಲೇ. ಮೊಟ್ಟೆ ಬೇಕಿಲ್ಲ.

ಇಲ್ಲಿಯವರು ಚಪ್ಪಟೆಯಾಗಿ ಹುಯ್ಯುತ್ತಾರೆ. ಕೂಟಗಳಲ್ಲಿ ಎರಡು ಬೆರಳಗಲದ ಬಾಕ್ಸ್ಟಿ ಮಾಡಿ ಮೇಲೆ ಹೊಗೆಯಾಡಿಸಿದ ಸಾಲ್ಮನ್ ಮೀನು, ಹುಳಿ ಕೆನೆ ಇಡುವುದು ಸಾಮಾನ್ಯ. ನಾನು ಪಡ್ಡಿನ ಕಾವಲಿಯಲ್ಲಿ ಹುಯ್ಯುತ್ತೇನೆ. ಗುಳಿಗೊಂದು ಚೂರು ಬೆಣ್ಣೆ, ಅದು ನೊರೆ ಬಿಡುವಾಗ ಹಿಟ್ಟು, ಸಣ್ಣ ಉರಿ, ಮುಚ್ಚಳ. ತಿರುವಿ ಹಾಕಿದಾಗ ತಳ ಕಂದು ಬಣ್ಣಕ್ಕೆ ಬಂದಿರಬೇಕು. ಒಳಗಿನ ಹಸಿ ತುರಿ ಬೇಯಲು ಹೊತ್ತು ಬೇಕು, ಅವಸರ ಮಾಡಬಾರದು. ಐರಿಷ್ ನೆರೆಯವರು ಆ ಕಾವಲಿ ಎಲ್ಲಿ ಸಿಗುತ್ತದೆ ಎಂದು ಕೇಳಿ ಕೊಂಡುಕೊಂಡರು.

ಬಾಣಲೆ
ಪಡ್ಡಿನ ಕಾವಲಿಯಲ್ಲಿ ಬಾಕ್ಸ್ಟಿ! ಈ ವಾರಾಂತ್ಯವೇ ಮಾಡುತ್ತೇನೆ.

ಹಾಸನದ ಹೊಲ
ನಾನು ಐರ್ಲೆಂಡಿನಲ್ಲಿಲ್ಲ, ಹಾಸನದಲ್ಲಿ ಆಲೂಗಡ್ಡೆ ಬೆಳೆಯುವವನು. ಹಿಟ್ಟಿನಂಥ ತಳಿ ಬೇಕು ಎಂದು ಯಾರೂ ಹೇಳಿಲ್ಲ, ಅದನ್ನು ಮೊದಲು ಹೇಳಬೇಕಿತ್ತು. ಅಂಟಂಟಾದ ಆಲೂಗಡ್ಡೆಯಿಂದ ಉಂಡೆ ಕಟ್ಟಿದರೆ ಒಳಗೆ ಹಗುರ ಬರುವುದಿಲ್ಲ. ಅಲ್ಲಿ ಯಾವ ತಳಿಗಳು ಸಿಗುತ್ತವೆ? ನಮ್ಮಲ್ಲಿ ಕುಫ್ರಿ ಜ್ಯೋತಿ, ಬಿತ್ತನೆ ಗಡ್ಡೆ ಪಂಜಾಬಿನ ಜಲಂಧರ್‌ನಿಂದ ಬರುತ್ತದೆ.

ಪಾಕಶಾಲೆ
ಅಣ್ಣ, ಸರಿಯಾಗಿ ಹೇಳಿದಿರಿ. ಇಲ್ಲಿ ರೂಸ್ಟರ್ ಎಂಬ ಕೆಂಪು ಸಿಪ್ಪೆಯ ತಳಿ ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಕಾರ್ಲೋ ಬಳಿಯ ಓಕ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಅಭಿವೃದ್ಧಿಪಡಿಸಿದ್ದು, ಇಂದು ಐರ್ಲೆಂಡಿನಲ್ಲಿ ಅತಿ ಹೆಚ್ಚು ಬೆಳೆಯುವುದು ಅದನ್ನೇ. ಇನ್ನೂ ಹಿಟ್ಟಾಗಿರಬೇಕೆಂದರೆ ಕೆರ್ಸ್ ಪಿಂಕ್ ಅಥವಾ ಗೋಲ್ಡನ್ ವಂಡರ್. ಆದರೆ ಅವು ಕುದಿಯುವ ನೀರಿನಲ್ಲಿ ಬಿರಿದು ಕರಗುತ್ತವೆ, ಹಬೆಯಲ್ಲಿ ಬೇಯಿಸುವುದು ಮೇಲು. ಹೊಸಬರಿಗೆ ರೂಸ್ಟರ್ ಸಾಕು.

ಹಾಸನದ ಹೊಲ
ಅಲ್ಲಿ ಆಲೂಗಡ್ಡೆಗೆ ಅಂಗಮಾರಿ ರೋಗ ಈಗಲೂ ಇದೆಯೇ? ನಮ್ಮಲ್ಲಿ ಮೋಡ ಮುಚ್ಚಿ ಜಿಟಿಜಿಟಿ ಮಳೆ ಹಿಡಿಯಿತೆಂದರೆ ಎದೆ ಹೊಡೆದುಕೊಳ್ಳುತ್ತದೆ. ಎಲೆಯ ಅಂಚಿನಲ್ಲಿ ನೀರು ಹೀರಿದಂಥ ಕಪ್ಪು ಕಲೆ ಕಂಡರೆ ಕೆಲವೇ ದಿನಗಳಲ್ಲಿ ಹೊಲ ಸುಟ್ಟಂತಾಗುತ್ತದೆ.

ಗಾಲ್ವೇ ಗಾಳಿ
ಇದೆ ಅಣ್ಣ. ಇಲ್ಲಿನ ಹವಾಮಾನ ಇಲಾಖೆ ಬೇಸಿಗೆಯಲ್ಲಿ ಮಳೆಯ ಮುನ್ಸೂಚನೆ ಕೊಡುವ ಹಾಗೆಯೇ ಅಂಗಮಾರಿಯ ಮುನ್ನೆಚ್ಚರಿಕೆಯನ್ನೂ ಕೊಡುತ್ತದೆ. 1845ರಲ್ಲಿ ಐರ್ಲೆಂಡಿಗೆ ಬಂದದ್ದು ಅದೇ ರೋಗ. ಆಗ ಬಡವರು ಬಹುಪಾಲು ಲಂಪರ್ ಎಂಬ ಒಂದೇ ತಳಿಯನ್ನು ನಂಬಿದ್ದರು. ಮುಂದಿನ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು, ಜ್ವರಗಳಿಂದ ಸತ್ತರು, ಅಷ್ಟೇ ಜನ ಹಡಗು ಹತ್ತಿದರು. 1841ರ ಜನಗಣತಿಯಲ್ಲಿ 80 ಲಕ್ಷ ದಾಟಿದ್ದ ಜನಸಂಖ್ಯೆ 1851ಕ್ಕೆ 65 ಲಕ್ಷಕ್ಕೆ ಇಳಿದಿತ್ತು. ಅದೇ ವರ್ಷಗಳಲ್ಲಿ ಈ ದೇಶದಿಂದ ಧಾನ್ಯ, ಬೆಣ್ಣೆ, ದನಗಳು ಹಡಗಿನಲ್ಲಿ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದವು. ಗುಳಿಯ ಬೆಣ್ಣೆಗೆ ಇಲ್ಲಿಯವರು ಇಷ್ಟು ಬೆಲೆ ಕೊಡುವುದನ್ನು ಕಂಡಾಗಲೆಲ್ಲ ನನಗೆ ಇದು ನೆನಪಾಗುತ್ತದೆ.

ಹಾಸನದ ಹೊಲ
ಈ ರೋಗಕ್ಕೆ ಅಂಥ ಚರಿತ್ರೆ ಇದೆ ಎಂದು ಗೊತ್ತಿರಲಿಲ್ಲ. ತಿಳಿಸಿದ್ದಕ್ಕೆ ಧನ್ಯವಾದ.

ಷಿಕಾಗೊ ಚಳಿ
ವಿಷಯಕ್ಕೆ ಮರಳೋಣ. ಅಮೆರಿಕದಲ್ಲಿ ಐರಿಷ್ ಕೂಟವೆಂದರೆ ಕಾರ್ನ್ಡ್ ಬೀಫ್, ಅಂದರೆ ಉಪ್ಪಿನ ದನದ ಮಾಂಸ, ಮತ್ತು ಎಲೆಕೋಸು. ಮಾಂಸ ತಿನ್ನುವವರಿಗೆ ಉಂಡೆಯೊಳಗೆ ಅದನ್ನೇ ಇಡಬಹುದಲ್ಲ?

ಬೆಲ್‌ಫಾಸ್ಟ್ ಬೀದಿ
ಅದು ಐರಿಷ್ ಅಮೆರಿಕನ್ನರ ಊಟ. ಇಲ್ಲಿ ಎಲೆಕೋಸಿನ ಜೊತೆಗೆ ಹಂದಿಯ ಬೇಕನ್. ವಲಸೆ ಹೋದವರಿಗೆ ನ್ಯೂಯಾರ್ಕ್‌ನಲ್ಲಿ ಯಹೂದಿ ಕಸಾಯಿ ಅಂಗಡಿಗಳ ಉಪ್ಪಿನ ದನದ ಮಾಂಸ ಕೈಗೆಟುಕುವ ಬೆಲೆಗೆ ಸಿಕ್ಕಿತು, ರೂಢಿ ಬದಲಾಯಿತು.

ಕಾರ್ಕ್ ಕನ್ನಡತಿ
ಒಂದು ತಿದ್ದುಪಡಿ. 17, 18ನೆಯ ಶತಮಾನಗಳಲ್ಲಿ ಉಪ್ಪಿನ ದನದ ಮಾಂಸವನ್ನು ಪೀಪಾಯಿಗಳಲ್ಲಿ ತುಂಬಿ ಹೊರದೇಶಗಳಿಗೆ ಕಳುಹಿಸುತ್ತಿದ್ದ ದೊಡ್ಡ ಬಂದರು ನಮ್ಮ ಕಾರ್ಕ್. ಮಾಡುತ್ತಿದ್ದವರು ಐರಿಷರೇ, ಬಡವರ ತಟ್ಟೆಗೆ ಮಾತ್ರ ಅದು ಬರುತ್ತಿರಲಿಲ್ಲ.

ಲಿಫಿ ದಂಡೆ
ಮತ್ತೊಂದು ವಿಷಯ. ಹ್ಯಾಲೋವೀನ್ ಕೋಲ್ಕ್ಯಾನನ್‌ನಲ್ಲಿ ಉಂಗುರ, ನಾಣ್ಯ ಬಚ್ಚಿಡುವ ಪದ್ಧತಿ ಇದೆ. ಉಂಗುರ ಸಿಕ್ಕವರಿಗೆ ಮದುವೆ, ನಾಣ್ಯ ಸಿಕ್ಕವರಿಗೆ ಹಣ. ಯಾವುದಾದರೂ ಒಂದು ಉಂಡೆಯಲ್ಲಿ ಇಡಲೇ?

ಪಾಕಶಾಲೆ
ಬೇಡವೇ ಬೇಡ. ಇಡಿಯಾಗಿ ಬಾಯಿಗೆ ಹಾಕಿಕೊಳ್ಳಿ ಎಂದು ನಾವೇ ಹೇಳಿ, ಒಳಗೆ ಲೋಹ ಇಡುವುದೇ? ಗಂಟಲಲ್ಲಿ ಸಿಕ್ಕಿಕೊಂಡರೆ ಏನು ಗತಿ? ಬಟ್ಟಲಿನಲ್ಲಿ ಚಮಚದಿಂದ ಕೆದಕಿ ತಿನ್ನುವಾಗ ಮಾತ್ರ ಆ ಆಟ ನಡೆಯುತ್ತದೆ.

ಲೀಟ್ರಿಮ್ ಮಳೆ
ಉಂಗುರಕ್ಕೆ ಬಾರ್ಮ್‌ಬ್ರ್ಯಾಕ್ ಇದೆಯಲ್ಲ, ಒಣದ್ರಾಕ್ಷಿಯ ಬ್ರೆಡ್. ಅಕ್ಟೋಬರ್‌ನಲ್ಲಿ ಅಂಗಡಿಯಲ್ಲೇ ಉಂಗುರ ಸಮೇತ ಸಿಗುತ್ತದೆ. ಒಂದು ತಂದು ಎಲ್ಲರ ಮುಂದೆ ಕತ್ತರಿಸಿ, ಮದುವೆಯಾಗದವರೆಲ್ಲ ಸುತ್ತ ಸೇರುತ್ತಾರೆ.

ತುಳಸಿಕಟ್ಟೆ
ಹಿಂದೆ ಅಂದು ರಾತ್ರಿ ಒಂದು ಬಟ್ಟಲು ಕೋಲ್ಕ್ಯಾನನ್ ಅನ್ನು ತೀರಿಕೊಂಡ ಹಿರಿಯರಿಗೆಂದು ಎತ್ತಿಡುತ್ತಿದ್ದರು ಎಂದು ನಮ್ಮ ಪಕ್ಕದ ಮನೆಯ ಅಜ್ಜಿ ಹೇಳಿದ್ದರು. ಮಹಾಲಯ ಅಮಾವಾಸ್ಯೆಗೆ ನಾವು ಎಡೆ ಇಡುವುದನ್ನು ನಾನೂ ಅವರಿಗೆ ಹೇಳಿದೆ. ಆ ಮಾತು ಬಹಳ ಹೊತ್ತು ನಡೆಯಿತು.

ಲಿಫಿ ದಂಡೆ
ಹಾಗಾದರೆ ತೀರ್ಮಾನ: ಬೆಣ್ಣೆ ತುಂಬಿದ ಕೋಲ್ಕ್ಯಾನನ್ ಉಂಡೆ, ಎಲ್ಲವೂ ಮೊಟ್ಟೆಯಿಲ್ಲದೆ. ಪಡ್ಡಿನ ಕಾವಲಿಯ ಬಾಕ್ಸ್ಟಿ. ಪಕ್ಕದಲ್ಲಿ ಚಟ್ನಿ. ಉಂಗುರಕ್ಕೆ ಬಾರ್ಮ್‌ಬ್ರ್ಯಾಕ್. ಕೊನೆಯ ಪ್ರಶ್ನೆ, ಕೂಟದ ಹೊತ್ತಿಗೆ ನಾನು ಒಲೆಯ ಮುಂದೆಯೇ ನಿಂತಿರಬೇಕೇ? ಮುಂಚೆ ಕರಿದಿಟ್ಟು ಬಿಸಿ ಮಾಡಬಹುದೇ?

ಬಾಣಲೆ
ಏರ್ ಫ್ರೈಯರ್‌ನಲ್ಲಿ ಮಾಡಿ.

ಪಾಕಶಾಲೆ
ಏರ್ ಫ್ರೈಯರ್ ಬೇಡ. ಚಿಪ್ಪು ನಿಧಾನವಾಗಿ ಗಟ್ಟಿಯಾಗುತ್ತದೆ, ಅಷ್ಟರಲ್ಲಿ ಬೆಣ್ಣೆ ಕರಗಿ ಸೋರಿರುತ್ತದೆ.

ಬ್ರೆಡ್ ಪುಡಿ ಹಚ್ಚಿದ ಉಂಡೆಗಳನ್ನು ಒಂದು ವಾರ ಮುಂಚೆಯೇ ಮಾಡಿ ತಟ್ಟೆಯಲ್ಲಿ ಬಿಡಿಬಿಡಿಯಾಗಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ನಂತರ ಡಬ್ಬಿಗೆ ತುಂಬಿ. ಆ ದಿನ ಮಧ್ಯಾಹ್ನ ಫ್ರೀಜರ್‌ನಿಂದ ನೇರವಾಗಿ 170 ಡಿಗ್ರಿ ಎಣ್ಣೆಗೆ ಹಾಕಿ, ನಸು ಹಳದಿ ಬರುವಷ್ಟು ಮಾತ್ರ ಕರಿದು ತೆಗೆಯಿರಿ. ಆರಿದ ಮೇಲೆ ಫ್ರಿಜ್‌ನಲ್ಲಿಡಿ, ಹೊರಗೆ ಬಿಡಬೇಡಿ. ಜನ ಬರತೊಡಗಿದಾಗ 200 ಡಿಗ್ರಿಗೆ ಕಾದ ಓವನ್‌ನಲ್ಲಿ ಜಾಲರಿಯ ಮೇಲೆ ಹತ್ತು ನಿಮಿಷ ಇಟ್ಟರೆ ಬಣ್ಣವೂ ಬರುತ್ತದೆ, ಒಳಗೂ ಕಾಯುತ್ತದೆ. ಒಂದನ್ನು ಒಡೆದು ನೋಡಿ, ನಡುವೆ ಬೆಣ್ಣೆ ಪೂರ್ತಿ ಕರಗಿರಬೇಕು. ಸ್ವಲ್ಪ ಸ್ವಲ್ಪವೇ ಬಿಸಿ ಮಾಡಿ ಕಳುಹಿಸಿ, 30 ಜನಕ್ಕೆ ತಲಾ ಮೂರರ ಲೆಕ್ಕ ಹಿಡಿದರೆ ಎರಡೂವರೆ ಕಿಲೋ ಆಲೂಗಡ್ಡೆ ಬೇಕಾಗುತ್ತದೆ.

ಒಗ್ಗರಣೆ
ತಲಾ ಮೂರು ಸಾಲದು. ಐದು ಹಿಡಿಯಿರಿ.

ಕಾರ್ಕ್ ಕನ್ನಡತಿ
ಈ ಒಂದು ವಿಷಯದಲ್ಲಿ ಒಗ್ಗರಣೆಯವರ ಮಾತೇ ಸರಿ. ನಾಲ್ಕು ಕಿಲೋ ತನ್ನಿ, ಬೆಣ್ಣೆಯನ್ನೂ ಅದಕ್ಕೆ ತಕ್ಕಂತೆ ಹೆಚ್ಚಿಸಿ.